ಆತಂಕಕ್ಕೆ ಮಾತ್ರೆ, ಕೌನ್ಸೆಲಿಂಗ್ ಬಿಟ್ಟು ಕರಾಟೆ ಕಲಿತರೆ ಸಾಕೇ?

ಸಾಲದು. ಮನಸ್ಸು ಗಟ್ಟಿಯಾದರೆ ಮಾತ್ರೆಯ ಹಂಗೇ ಇರುವುದಿಲ್ಲ, ಅದಕ್ಕೆ ಕರಾಟೆ ಒಳ್ಳೆಯದೋ ಕೇರಳದ ಸಮರಕಲೆ ಕಳರಿಪಯಟ್ಟು ಒಳ್ಳೆಯದೋ ಎಂದು ಕೇಳಿದ್ದೀರಿ. ಕೆಲವು ವರ್ಷಗಳ ಹಿಂದೆ ನಾನೂ ಇದೇ ಲೆಕ್ಕ ಹಾಕಿ ಕೈಸುಟ್ಟುಕೊಂಡವಳು. ಹಾಗೆಂದು ಕರಾಟೆ ಬೇಡ ಎನ್ನುವುದಿಲ್ಲ. ಇಂದಿಗೂ ಸಂಜೆ ತರಗತಿಗೆ ಹೋಗುತ್ತೇನೆ.

ನನಗೆ ಮೊದಲ ಪ್ಯಾನಿಕ್ ಅಟ್ಯಾಕ್ ಆದದ್ದು ಮೆಜೆಸ್ಟಿಕ್ ಮೆಟ್ರೊ ನಿಲ್ದಾಣದಲ್ಲಿ, ನೇರಳೆ ಮಾರ್ಗದಿಂದ ಹಸಿರು ಮಾರ್ಗಕ್ಕೆ ಹೋಗುವ ನೂಕುನುಗ್ಗಲಿನ ನಡುವೆ. ಎದೆ ಡವಡವ, ಬೆರಳ ತುದಿಯಲ್ಲಿ ಜುಮುಜುಮು, ಇನ್ನೇನು ಸತ್ತೇ ಹೋದೆ ಎಂಬ ಖಾತ್ರಿ. ಆಸ್ಪತ್ರೆಯಲ್ಲಿ ಇಸಿಜಿ ತೆಗೆದರು, ಸರಿಯಾಗಿತ್ತು. ಗ್ಯಾಸ್ ಇರಬೇಕು ಎಂದು ಕಳಿಸಿದರು. ಮತ್ತೆ ಮತ್ತೆ ಆದಾಗ ಮನೋವೈದ್ಯರನ್ನು ಕಂಡೆ. ಅವರು ಆತಂಕ, ಖಿನ್ನತೆಗೆ ಕೊಡುವ ಎಸ್‌ಎಸ್‌ಆರ್‌ಐ ಗುಂಪಿನ ಮಾತ್ರೆಯೊಂದನ್ನು ಬರೆದುಕೊಟ್ಟು, ಗುಣ ಕಾಣಲು ಕೆಲವು ವಾರ ಬೇಕು, ಕೇಳದೆ ನಿಲ್ಲಿಸಬೇಡಿ ಎಂದರು. ಮೈ ಬೆವರುವ ಕೆಲಸ ಏನಾದರೂ ಹಚ್ಚಿಕೊಳ್ಳಿ ಎಂದೂ ಹೇಳಿದರು. ಜಯನಗರದ ನಮ್ಮ ಮನೆಯ ಹಿಂದಿನ ಬೀದಿಯ ಶಾಲೆಯಲ್ಲಿ ಶೋಟೊಕಾನ್ ಎಂಬ ಶೈಲಿಯ ಕರಾಟೆ ಕಲಿಸುತ್ತಿದ್ದರು. ಹತ್ತಿರವಿತ್ತು, ಸೇರಿದೆ.

ಹೊಸಬರ ಸಾಲಿನಲ್ಲಿ ನನ್ನ ಅಕ್ಕಪಕ್ಕ ಇದ್ದವರೆಲ್ಲ ಪ್ರಾಥಮಿಕ ಶಾಲೆಯ ಮಕ್ಕಳು. ಝೆಂಕುತ್ಸು ದಾಚಿ ಎಂಬ ನಿಲುವಿನಲ್ಲಿ ಮುಂದಿನ ಮಂಡಿ ಬಾಗಿರಬೇಕು, ಹಿಂದಿನ ಕಾಲು ನೆಟ್ಟಗಿರಬೇಕು. ನನ್ನವು ಎರಡೂ ಬಾಗುತ್ತಿದ್ದವು. ಮುಂದಿನ ಹಲ್ಲು ಬಿದ್ದ ಹುಡುಗನೊಬ್ಬ ತನ್ನ ಪಾದದಿಂದ ನನ್ನ ಹಿಮ್ಮಡಿಯನ್ನು ಒತ್ತಿ, ‘ಆಂಟಿ, ಇದು ನೆಲ ಬಿಡಬಾರದು’ ಎಂದು ತಿದ್ದಿದ. ಬ್ಯಾಂಕಿನಲ್ಲಿ ಇಡೀ ವಿಭಾಗ ನೋಡಿಕೊಳ್ಳುತ್ತಿದ್ದ ನನಗೆ ಅದರಿಂದ ಅವಮಾನವಾಗಲಿಲ್ಲ, ಹಾಯೆನಿಸಿತು. ಅಲ್ಲಿ ನನ್ನಿಂದ ಯಾರೂ ಏನನ್ನೂ ನಿರೀಕ್ಷಿಸುತ್ತಿರಲಿಲ್ಲ. ಕತಾ ಎಂದರೆ ಒಬ್ಬರೇ ಕ್ರಮವಾಗಿ ಮಾಡುವ ಚಲನೆಗಳ ಸರಣಿ. ಆರಂಭದಲ್ಲಿ ಕಲಿಸುವ ಹೇಯಾನ್ ಶೋದಾನ್ ಕತಾದಲ್ಲಿ 21 ಚಲನೆಗಳಿವೆ. ಮುಂದಿನ ತಿರುವು ಎಡಕ್ಕೋ ಬಲಕ್ಕೋ ಎಂದು ಹುಡುಕುವ ತಲೆಯಲ್ಲಿ ನಾಳಿನ ಲೆಕ್ಕಪರಿಶೋಧನೆಯ ಚಿಂತೆಗೆ ಜಾಗವಿರುವುದಿಲ್ಲ.

ಆದರೆ ನನ್ನ ಮಟ್ಟಿಗೆ ನಿಜವಾದ ಗುಣ ಕೊಟ್ಟದ್ದು ಕುಮಿತೆ, ಅಂದರೆ ಎದುರಾಳಿಯ ಜೊತೆಗಿನ ಅಭ್ಯಾಸ. ಎದುರಿಗೆ ಒಬ್ಬರು ಮುಷ್ಟಿ ಬಿಗಿದು ನಿಂತರೆ ಮೆಜೆಸ್ಟಿಕ್‌ನಲ್ಲಿ ಆದದ್ದೆಲ್ಲವೂ ಆಗುತ್ತದೆ: ಅದೇ ಡವಡವ, ಅದೇ ಒಣಗಿದ ಬಾಯಿ. ವ್ಯತ್ಯಾಸವೆಂದರೆ ಇಲ್ಲಿ ಅದಕ್ಕೊಂದು ಕಾರಣವಿದೆ, ಮುಗಿದ ಮೇಲೆ ತಲೆಬಾಗಿ ವಂದಿಸಿ ಪಕ್ಕಕ್ಕೆ ಸರಿಯುತ್ತೀರಿ, ಎದೆಬಡಿತ ತಾನೇ ಇಳಿಯುತ್ತದೆ. ಬಡಿತ ಜೋರಾದರೆ ಸಾಯುವುದಿಲ್ಲ ಎಂಬುದು ದೇಹಕ್ಕೆ ತಿಳಿಯುವುದು ಹೀಗೆ. ಪ್ಯಾನಿಕ್‌ಗೆ ಚಿಕಿತ್ಸೆ ಕೊಡುವ ಮನೋವಿಜ್ಞಾನಿಗಳು ಇದನ್ನೇ ಬೇಕೆಂದು ಮಾಡಿಸುತ್ತಾರೆ. ನಿಂತಲ್ಲೇ ಓಡಿಸುತ್ತಾರೆ, ಕುರ್ಚಿಯಲ್ಲಿ ಗಿರಗಿರನೆ ತಿರುಗಿಸುತ್ತಾರೆ, ಕಿರಿದಾದ ಸ್ಟ್ರಾ ಮೂಲಕ ಉಸಿರಾಡಿಸುತ್ತಾರೆ. ಜೊತೆಗೆ, ಗುದ್ದುವಾಗ ಉಸಿರು ಹೊರಹಾಕುವುದನ್ನು ಕರಾಟೆ ರೂಢಿ ಮಾಡಿಸುತ್ತದೆ. ಹೆದರಿದವರು ಉಸಿರು ಬಿಗಿಹಿಡಿಯುತ್ತಾರೆ. ನಿಧಾನವಾಗಿ ಹೊರಬಿಡುವಾಗ ಹೃದಯದ ಬಡಿತ ತುಸು ಇಳಿಯುತ್ತದೆ, ಇದು ಶರೀರದ ಸಹಜ ನಿಯಮ.

ಈಗ ನನ್ನ ತಪ್ಪು. ಇದನ್ನು ಉದ್ದಕ್ಕೇ ಹೇಳುತ್ತೇನೆ, ಏಕೆಂದರೆ ಆಗುತ್ತಿದ್ದಾಗ ಅದು ಪ್ರಗತಿಯಂತೆ ಕಾಣುತ್ತಿತ್ತು. ಕರಾಟೆಯಲ್ಲಿ ಹಸಿರು ಬೆಲ್ಟ್ ಬಂತು. ಅಟ್ಯಾಕ್ ಮರುಕಳಿಸಿ ತಿಂಗಳುಗಳಾಗಿದ್ದವು. ಆ ಹೊತ್ತಿಗೆ ತತ್ವಜ್ಞಾನದ ಗೀಳು ಹತ್ತಿತು. 17ನೆಯ ಶತಮಾನದ ಜೆನ್ ಭಿಕ್ಷು ತಕುವಾನ್, ಖಡ್ಗವಿದ್ಯೆಯ ಗುರು ಯಾಗ್ಯು ಮುನೆನೊರಿಗೆ ಬರೆದದ್ದನ್ನು ಓದಿದೆ: ಮನಸ್ಸು ಎಲ್ಲಿಯೂ ಅಂಟಿಕೊಂಡು ನಿಲ್ಲಬಾರದು, ಎದುರಾಳಿಯ ಕತ್ತಿಯ ಮೇಲೂ ನಿಲ್ಲಬಾರದು. ನಾನು ತೆಗೆದ ಅರ್ಥ ಬೇರೆ. ನನ್ನ ಮನಸ್ಸು ಮಾತ್ರೆಯ ಪಟ್ಟಿಗೆ ಅಂಟಿಕೊಂಡಿದೆ, ಅದನ್ನು ಕಿತ್ತೊಗೆದರೆ ಸಾಧನೆ ಪೂರ್ಣ ಎಂದುಕೊಂಡೆ. ಚೆನ್ನಾಗಿರುವುದು ಕರಾಟೆಯಿಂದ, ಮಾತ್ರೆಯಿಂದ ಬರುತ್ತಿರುವುದು ಬರೀ ಅವಮಾನ ಎಂದು ವಿಂಗಡಿಸಿಕೊಂಡೆ. ಎರಡೂ ಒಟ್ಟಿಗೆ ಕೆಲಸ ಮಾಡುತ್ತಿರಬಹುದು ಎಂದು ಹೊಳೆಯಲೇ ಇಲ್ಲ. ಒಂದು ರಾತ್ರಿ ನಿಲ್ಲಿಸಿಬಿಟ್ಟೆ. ವೈದ್ಯರಿಗೆ ಹೇಳಲಿಲ್ಲ, ಗುರುಗಳಿಗೆ ಹೇಳಲಿಲ್ಲ, ಗಂಡನಿಗೂ ಹೇಳಲಿಲ್ಲ. ಹೇಳಿದರೆ ತಡೆಯುತ್ತಾರೆ ಎಂದು ಗೊತ್ತಿತ್ತು, ಅಷ್ಟರಿಂದಲೇ ನನಗೆ ಅನುಮಾನ ಬರಬೇಕಿತ್ತು.

ಕೆಲವೇ ದಿನಗಳಲ್ಲಿ ತಲೆಸುತ್ತು. ಕತ್ತು ತಿರುಗಿಸಿದರೆ ತಲೆಯೊಳಗೆ ಕರೆಂಟ್ ಹೊಡೆದಂತೆ ಚುರುಕ್ ಎನ್ನುತ್ತಿತ್ತು. ಮೈಯ ವಿಷವೆಲ್ಲ ಹೊರಹೋಗುತ್ತಿದೆ ಎಂದು ಸಂಭ್ರಮಪಟ್ಟು ಅಭ್ಯಾಸವನ್ನು ಇನ್ನೂ ಹೆಚ್ಚಿಸಿದೆ! ನಿದ್ದೆ ಹೋಯಿತು, ಕಂಡಕಂಡವರ ಮೇಲೆ ಸಿಡುಕು. ಶೋಟೊಕಾನ್ ಅಭ್ಯಾಸದಲ್ಲಿ ಗುದ್ದು ಎದುರಾಳಿಯ ಮುಖಕ್ಕೆ ತಾಗುವ ಮುನ್ನ ನಿಲ್ಲಬೇಕು. ಒಂದು ಸಂಜೆ ನನ್ನದು ನಿಲ್ಲಲಿಲ್ಲ. ಕಾಲೇಜು ಹುಡುಗಿಯೊಬ್ಬಳ ತುಟಿ ಒಡೆದು, ಅವಳ ಬಿಳಿ ಅಂಗಿಯ ಕೊರಳಪಟ್ಟಿಗೆ ರಕ್ತ ಹತ್ತಿತು. ಅವಳೇ ‘ಪರವಾಗಿಲ್ಲ ಮೇಡಂ’ ಎಂದಳು. ಕರಾಟೆಯಲ್ಲಿ ಮೊದಲ ಏಟು ಎಂಬುದಿಲ್ಲ ಎಂದು ಶೋಟೊಕಾನ್‌ನ ಮೂಲಪುರುಷ ಗಿಚಿನ್ ಫುನಾಕೋಶಿ ಬರೆದದ್ದನ್ನು ಬಾಯಿಪಾಠ ಮಾಡಿದ್ದವಳು ನಾನು. ನಾಚಿಕೆಯಿಂದ ತರಗತಿಗೆ ಹೋಗುವುದನ್ನೇ ಬಿಟ್ಟೆ. ಮಾತ್ರೆಯೂ ಇಲ್ಲ, ಕರಾಟೆಯೂ ಇಲ್ಲ. ಅಟ್ಯಾಕ್‌ಗಳು ಮರಳಿ ಬಂದವು, ಮೆಟ್ರೊ ಹತ್ತಲು ಆಗದೆ ಉದ್ದನೆಯ ರಜೆ ಹಾಕಿದೆ, ಕೈಗೆ ಬಂದಿದ್ದ ಬಡ್ತಿ ತಪ್ಪಿತು.

ಮನೋವೈದ್ಯರು ಬೈಯಲಿಲ್ಲ. ತಲೆಸುತ್ತು, ಕರೆಂಟಿನ ಅನುಭವ ಮಾತ್ರೆಯನ್ನು ಥಟ್ಟನೆ ನಿಲ್ಲಿಸಿದ್ದರ ಫಲ, ಆಮೇಲೆ ಬಂದದ್ದು ಕಾಯಿಲೆಯ ಮರುಕಳಿಕೆ ಎಂದು ಎರಡನ್ನೂ ಬಿಡಿಸಿ ಹೇಳಿದರು. ಮತ್ತೆ ಮಾತ್ರೆ ಶುರುವಾಯಿತು. ಬಹಳ ಕಾಲದ ನಂತರ ಅವರೇ ಪ್ರಮಾಣವನ್ನು ಹಂತಹಂತವಾಗಿ ಇಳಿಸಿದರು. ಗುರುಗಳ ಬಳಿ ಎಲ್ಲವನ್ನೂ ಒಪ್ಪಿಕೊಂಡಾಗ ಅವರು ಕೇಳಿದ್ದು ಒಂದೇ: ‘ನಾನು ದಿನಾ ಬೆಳಿಗ್ಗೆ ಬಿಪಿ ಮಾತ್ರೆ ನುಂಗಿಯೇ ಬರುವುದು. ನನ್ನ ಒದೆ ಸಡಿಲವಾಗಿದೆಯೇ?’

ಹಾಗಾಗಿ ಮನಸ್ಸು ಗಟ್ಟಿಯಿಲ್ಲದ್ದರಿಂದ ಆತಂಕ ಬಂದಿದೆ ಎಂಬ ನಿಮ್ಮ ಮಾತನ್ನೇ ನಾನು ಒಪ್ಪುವುದಿಲ್ಲ. ಎದೆ ಹೊಡೆದುಕೊಳ್ಳುತ್ತಿದ್ದರೂ ದಿನಾ ಕೆಲಸಕ್ಕೆ ಹೋಗಿಬರುವವರ ಮನಸ್ಸಿಗೆ ಇನ್ನೆಷ್ಟು ಗಟ್ಟಿತನ ಬೇಕು? ಮೊದಲು ವೈದ್ಯರನ್ನು ಕಾಣಿ. ಹೊಸೂರು ರಸ್ತೆಯ ನಿಮ್ಹಾನ್ಸ್ ಎಂದರೆ ಜನ ಏನಂದುಕೊಳ್ಳುತ್ತಾರೋ ಎಂಬ ಅಳುಕಿದ್ದರೆ, ಬಿಟಿಎಂ ಬಡಾವಣೆಯಲ್ಲಿ ಅದರದೇ ಯೋಗಕ್ಷೇಮ ಕೇಂದ್ರವಿದೆ. 2022ರಲ್ಲಿ ಆರಂಭವಾದ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ 14416 ಒತ್ತಿದರೆ ಕನ್ನಡದಲ್ಲೇ ಮಾತನಾಡಬಹುದು, ಯಾವ ಹೊತ್ತಿನಲ್ಲಾದರೂ. ಸಾಯುವ ಯೋಚನೆ ಬರುತ್ತಿದ್ದರೆ ಇದನ್ನು ಓದುವುದು ನಿಲ್ಲಿಸಿ ಈಗಲೇ ಒತ್ತಿ.

ಕರಾಟೆಯೋ ಕಳರಿಯೋ ಎಂಬುದು ಆಮೇಲಿನ ಮಾತು. ಬೀಳುವ ಭಯವಿದ್ದವರಿಗೆ ನಾನು ಜೂಡೊ ಹೇಳುತ್ತೇನೆ, ಅಲ್ಲಿ ಪೆಟ್ಟಾಗದಂತೆ ಬೀಳುವುದನ್ನೇ ಮೊದಲು ಕಲಿಸುತ್ತಾರೆ. ಬೆಂಗಳೂರು ಕರಗದ ವೀರಕುಮಾರರು ಪಳಗುವ ಪೇಟೆಯ ಗರಡಿ ಮನೆಗಳ ಬಗ್ಗೆ ಯಾರೂ ಕೇಳುವುದೇ ಇಲ್ಲ ಎಂಬುದು ನನ್ನ ಹಳೆಯ ಸಿಟ್ಟು, ಅದಿರಲಿ. ಕಲೆಗಿಂತ ಕಲಿಸುವವರನ್ನು ನೋಡಿ ಆರಿಸಿ. ನಿಮಗೆ ಪ್ಯಾನಿಕ್ ಆಗುತ್ತದೆ ಎಂದು ಮೊದಲ ದಿನವೇ ಹೇಳಿ. ‘ಮಾತ್ರೆ ಬಿಡಿ, ನಾನು ಸರಿಮಾಡುತ್ತೇನೆ’ ಎಂದರೆ ಚಪ್ಪಲಿ ಹಾಕಿಕೊಂಡು ಹೊರಟುಬಿಡಿ. ‘ಸುಸ್ತಾದರೆ ಪಕ್ಕಕ್ಕೆ ಕುಳಿತುಕೊಳ್ಳಿ’ ಎಂದರೆ ಸೇರಿ. ಸಮವಸ್ತ್ರಕ್ಕೆ ಆಗಲೇ ದುಡ್ಡು ಸುರಿಯಬೇಡಿ, ಹಳೆಯ ಟ್ರ್ಯಾಕ್ ಪ್ಯಾಂಟ್ ಸಾಕು. ಕಾಲುಗುರು ಮಾತ್ರ ಕತ್ತರಿಸಿಕೊಂಡು ಹೋಗಿ.