ಗಡಿಬೇಲಿಯ ಪಕ್ಕದ ಬದುಕನ್ನು ತೋರಿಸುವ ಕಲೆ

ಅಮೆರಿಕ–ಮೆಕ್ಸಿಕೊ ಗಡಿಯ ಬಗ್ಗೆ ಬರೀ ಘೋಷಣೆಯಾಗದ ಕಲಾಕೃತಿ ಯಾವುದಿದೆ ಎಂದು ಕೇಳಿದ್ದೀರಿ. ಕಲಾವಿದೆ ಆನಾ ತೆರೆಸಾ ಫರ್ನಾಂಡೆಸ್ ಅವರಿಂದ ಶುರುಮಾಡಿ. 2011ರಲ್ಲಿ ಮೆಕ್ಸಿಕೊದ ಗಡಿನಗರ ತಿಹುವಾನಾದ ಕಡಲತೀರದಲ್ಲಿ ಅವರು ಕಪ್ಪು ಪಾರ್ಟಿ ಉಡುಪು, ಹೈಹೀಲ್ಸ್ ತೊಟ್ಟು, ಏಣಿ ಹತ್ತಿ ಗಡಿಬೇಲಿಯ ಕಂಬಗಳಿಗೆ ಆಕಾಶನೀಲಿ ಬಣ್ಣ ಬಳಿದರು. ದೂರದಿಂದ ನೋಡಿದರೆ ಅಷ್ಟು ಜಾಗದಲ್ಲಿ ಬೇಲಿಯೇ ಇಲ್ಲವೇನೋ ಅನ್ನಿಸುತ್ತಿತ್ತು. ಹತ್ತಿರ ಹೋದರೆ ಕಂಬಗಳು ಇದ್ದಲ್ಲೇ ಇದ್ದವು. ಆ ಒಂದು ಕ್ಷಣದ ಆಸೆ, ಮರುಕ್ಷಣದ ನಿರಾಸೆ, ಎರಡೂ ನೋಡುವವರ ಎದೆಗೇ ತಾಗುತ್ತವೆ. ಯಾವ ಭಾಷಣವೂ ಇದನ್ನು ಮಾಡಲಾರದು.

ಆಮೇಲೆ 2019ರ ಗುಲಾಬಿ ಬಣ್ಣದ ಸೀ-ಸಾಗಳು, ಅಂದರೆ ಮಕ್ಕಳು ಎರಡು ತುದಿಗೆ ಕೂತು ಏರಿಳಿಯುವ ಆಟದ ಹಲಗೆಗಳು. ವಾಸ್ತುಶಿಲ್ಪಿಗಳಾದ ರೊನಾಲ್ಡ್ ರೇಲ್ ಮತ್ತು ವರ್ಜೀನಿಯಾ ಸ್ಯಾನ್ ಫ್ರಾಟೆಲೊ ಉಕ್ಕಿನ ಬೇಲಿಯ ಸಂದಿಯಲ್ಲೇ ಅವನ್ನು ತೂರಿಸಿದರು. ಅಮೆರಿಕದ ಸನ್‌ಲ್ಯಾಂಡ್ ಪಾರ್ಕ್ ಕಡೆಯವರು ಕೆಳಗಿಳಿದರೆ ಮೆಕ್ಸಿಕೊದ ಹುವಾರೆಸ್ ಕಡೆಯ ಮಗು ಮೇಲೇರುತ್ತಿತ್ತು. ಆಚೆ ಯಾರೂ ಕೂರದಿದ್ದರೆ ಈಚೆ ಆಟವೇ ಇಲ್ಲ. ಫೋಟೊ ಸಾಲದು, ವಿಡಿಯೊ ನೋಡಿ. ಮಕ್ಕಳ ನಗು ಕೇಳಬೇಕು.

ಇನ್ನೂ ಬೇಕೆಂದರೆ ಪೋಸ್ಟ್‌ಕಮೋಡಿಟಿ ಎಂಬ ಮೂಲನಿವಾಸಿ ಕಲಾವಿದರ ತಂಡ 2015ರಲ್ಲಿ ಅಮೆರಿಕದ ಡಗ್ಲಸ್ ಮತ್ತು ಮೆಕ್ಸಿಕೊದ ಆಗ್ವಾ ಪ್ರಿಯೆಟಾ ನಡುವೆ, ಗಡಿಯನ್ನು ಅಡ್ಡಹಾಯುವಂತೆ ಹಾರಿಸಿದ 26 ದೊಡ್ಡ ಬಲೂನುಗಳ ಸಾಲನ್ನು ಹುಡುಕಿ. ಗಡಿ ಎಳೆಯುವ ಮೊದಲೇ ಅಲ್ಲಿದ್ದ ಮೂಲನಿವಾಸಿಗಳ ನೆಲದ ಮಾತು ಅದರಲ್ಲಿದೆ.