ಪಾತ್ರದ ಬಗ್ಗೆ 100 ಪ್ರಶ್ನೆ ಇರೋ ಚಾರ್ಟ್ ತುಂಬಿದ್ರೂ ನನ್ನ ಕಥೆ ನಾಯಕಿ ಯಾಕೆ ಮನೆ ಬಿಟ್ಟು ರಾಯಚೂರು ಸ್ಟೇಷನ್‌ಗೆ ಬರ್ತಾಳೆ ಅಂತ ಗೊತ್ತಾಗ್ತಿಲ್ಲ, ಬೇರೆ ಯಾವ ಎಕ್ಸರ್‌ಸೈಜ್ ಮಾಡ್ಲಿ?

ಅಯ್ಯೋ, ಆ ಚಾರ್ಟ್ ನನ್ನ ಕಾದಂಬರಿ ನಾಯಕಗ ನಾನೂ ತುಂಬೀನ್ರಿ. ಇಷ್ಟದ ಬಣ್ಣ, ಸಣ್ಣಾಂವ ಇದ್ದಾಗಿನ ಅಂಜಿಕಿ, ಅಪ್ಪನ ಜೋಡಿ ಹೆಂಗಿದ್ದ, ಎಲ್ಲಾ ಸೇರಿ 11 ಪೇಜ್.

ನಮ್ದು ಮಾನ್ವಿ ಕಡೆ, ತುಂಗಭದ್ರಾ ಎಡದಂಡಿ ಕಾಲುವಿ ಕೊನಿ ಭಾಗ. ಗಂಗಾವತಿ, ಕಾರಟಗಿ, ಸಿಂಧನೂರು ದಾಟಿ ನಮ್ಮಲ್ಲಿಗೆ ನೀರಿಗಿಂತ ಮೊದ್ಲು ನೀರಿನ ಸುದ್ದಿ ಬರತೈತಿ. ಕಡಿಮಿ ನೀರಿನ ಬೆಳಿ ಲೆಕ್ಕ ಹಿಡ್ದು ಮಾಡಿದ ಕಾಲುವಿ, ಮ್ಯಾಲಿನವ್ರು ಭತ್ತ ಹಚ್ಚಿದ್ರು (ಸುಳ್ಳ್ಯಾಕ, ನೀರು ಸಿಕ್ರ ನಾವೂ ಭತ್ತಾನೇ). ನನ್ನ ನಾಯಕ ರಾತ್ರಿ ಹೋಗಿ ಡಿಸ್ಟ್ರಿಬ್ಯೂಟರಿ (ಉಪಕಾಲುವಿ) ಗೇಟ್ ಎತ್ತಬೇಕಿತ್ತು. ಯಾಕ ಅಂದ್ರ ಚಾರ್ಟ್‌ನಾಗ ಬರ್ದಿದ್ದೆ, ಕೊನಿ ಭಾಗದವ್ರಿಗೆ ಆದ ಅನ್ಯಾಯದ ಸಿಟ್ಟು, ಸಾಲದಾಗ ಸತ್ತ ಅಪ್ಪ. ಅಂವ 180 ಪೇಜ್ ಕಾಲುವಿ ದಂಡಿ ಮ್ಯಾಲೆ ನಿಂತು ಬರೇ ವಿಚಾರ ಮಾಡಿದ.

ವರ್ಷಗಟ್ಲೆ ರಾತ್ರಿ ನೀರು ಕಾದ ನಮ್ಮ ಮಾವಗ ಓದಿ ಹೇಳ್ದೆ. "ಎಷ್ಟು ಎಕರೆ ಇವಂದು? ತೆನಿ ಹಾಲು ತುಂಬ್ಯಾವೇನು? ಬೀಗ ಒಡಿಯಾಕ ಏನ್ ತಂದಾನ?" ಅಂದ್ರು. ನನ್ನ ಹತ್ರ ಒಂದಕ್ಕೂ ಉತ್ರ ಇರ್ಲಿಲ್ಲ.

ನನ್ನ ತಪ್ಪು ಅಲ್ಲೇ ಇತ್ರಿ. ಸಿಟ್ಟು ಇಡೀ ತಾಲೂಕಿಗೇ ಐತಿ, ಎಲ್ಲಾರೂ ಗೇಟ್ ಎತ್ತಂಗಿಲ್ಲ. ಅಪ್ಪ ಸತ್ತು ಹತ್ತು ವರ್ಷ ಆಗೈತಿ ಅಂದ್ರ ನಿನ್ನಿ ಯಾಕ ಎತ್ಲಿಲ್ಲ, ಇವತ್ತ ಯಾಕ ಎತ್ತಾನ? ನಾನು ಹಿಂದ ನಡದದ್ದೆಲ್ಲಾ ಬರ್ದು ಅದನ್ನೇ ಮೋಟಿವೇಶನ್ ಅಂದ್ಕೊಂಡಿದ್ದೆ, ಆದ್ರ ಅಂವನ ಹೊಲದಾಗ 3 ಎಕರೆ ಭತ್ತ ಹಾಲುಗಾಳಿಗೆ ಬಂದೈತಿ, ಕಾಲುವಿ ಬಂದ್ ಮಾಡೋ ದಿನ ಹತ್ರ ಬಂದೈತಿ, ಈಗ ನೀರು ಸಿಗಲಿಲ್ಲಂದ್ರ ಎಲ್ಲಾ ಜೊಳ್ಳು. ಅವಗ ಬೇಕಾದ್ದು ನ್ಯಾಯ ಅಲ್ಲ, ಎರಡು ರಾತ್ರಿ ನೀರು. ಇಷ್ಟು ತಿಳಿಯಾಕ ಒಂದೂವರೆ ವರ್ಷ ಹೋತು, 180 ಪೇಜೂ ಹೋದ್ವು.

ಅದ್ಕ ಮೋಟಿವೇಶನ್ ಹುಡುಕೋ ಎಕ್ಸರ್‌ಸೈಜೇ ಬ್ಯಾಡ ಅಂತೀನಿ ನಾನು. ರಷ್ಯಾದ ನಾಟಕ ನಿರ್ದೇಶಕ ಸ್ಟಾನಿಸ್ಲಾವ್‌ಸ್ಕಿ ನಟರಿಗೂ ಈ ಸೀನ್‌ನಾಗ ನಿನಗ ಏನು ಬೇಕು ಅಂತಾನೇ ಹುಡುಕಿಸ್ತಿದ್ದ, ನಾಟಕದವ್ರಿಗೆ ಇದು ಹಳೇ ಪಾಠ. ಬರಿಯೋದಾದ್ರ ಅದೇ ಸೀನ್ ಎದುರಿನವ್ರ ಕಡಿಂದ ಬರೀರಿ, ನನ್ನ ಕಥಿಯಾಗ ಅಂವ ಗೇಟ್ ಕಾಯೋ ಲಸ್ಕರ್, ಅವಗೂ ನೌಕರಿ ಉಳಿಬೇಕು, ನಿದ್ದಿನೂ ಬೇಕು. ಆಮ್ಯಾಲೆ ಬೇಕಾದ್ದಕ್ಕ ಒಂದು ರೇಟ್ ಹಚ್ರಿ. ನಾನು ನಾಯಕನ ತಂಗಿನ್ನ ಕೆಳಗಿನ ಊರಿಗೆ ಕೊಟ್ಟೆ, ಇಲ್ಲಿ ಎತ್ತಿದ್ರ ಆಕಿ ಹೊಲಕ್ಕ ನೀರಿಲ್ಲ. ಅಂವ ದಂಡಿ ಮ್ಯಾಲೆ ಬೀಡಿ ಸೇದ್ಕೋತ ಕೂತ, ಕೊನಿಗೆ ಅರ್ಧ ಮಾತ್ರ ಎತ್ತಿದ. ಅದು ನಾನು ಪ್ಲಾನ್ ಮಾಡಿದ್ದಲ್ಲ.

ನಿಮ್ಮ ಹುಡುಗಿ ಮನಿ ಬಿಟ್ಟು ರಾಯಚೂರು ಸ್ಟೇಷನ್‌ನಾಗ ನಿಂತಾಳ ಅಂತ ಬರ್ದೀರಿ. ಆಕಿ ಬಾಲ್ಯ ಅತ್ಲಾಗಿರ್ಲಿ, ಕೈಯಾಗ ರೊಕ್ಕ ಎಷ್ಟೈತಿ, ಟಿಕೆಟ್ ಎಲ್ಲೀದು ತಗೊಂಡಾಳ, ಮನ್ಯಾಗ ಅನ್ನಕ್ಕ ಇಟ್ಟು ಬಂದಾಳೋ ಇಲ್ಲೋ?