ಕೈಕೊಟ್ಟ ಇಯರ್‌ಫೋನ್, ಮುಂದಿನದು ಯಾವುದು?

ಪ್ರಶ್ನೆ: ಇತ್ತೀಚೆಗೆ ಆನ್‌ಲೈನ್‌ನಲ್ಲಿ 1,800 ರೂಪಾಯಿ ಕೊಟ್ಟು ವೈರ್‌ಲೆಸ್ ಇಯರ್‌ಬಡ್ಸ್ ತರಿಸಿದೆ. ಒಳ್ಳೇ ಸ್ಟಾರ್‌ಗಳಿದ್ದವು, ರಿವ್ಯೂ ಬರೆದವರೆಲ್ಲ ‘ಬಾಸ್ ಸೂಪರ್’, ಅಂದರೆ ತಗ್ಗು ಸ್ವರಗಳ ಗುದ್ದು ಚೆನ್ನಾಗಿದೆ, ಎಂದಿದ್ದರು. ನಾನು ಕೇಳುವುದು ಹೆಚ್ಚಾಗಿ ಕರ್ನಾಟಕ ಸಂಗೀತ, ಹಳೆಯ ಭಾವಗೀತೆಗಳು, ಜೊತೆಗೆ ಒಂದಿಷ್ಟು ಪಾಡ್‌ಕಾಸ್ಟ್. ಹಾಡುವವರು ಕಂಬಳಿ ಹೊದ್ದುಕೊಂಡು ಹಾಡಿದ ಹಾಗೆ ಕೇಳಿಸುತ್ತದೆ. ಬಲಗಿವಿಯದು ಪದೇ ಪದೇ ಜಾರುತ್ತದೆ, ಒಂದು ಗಂಟೆ ಹಾಕಿಕೊಂಡರೆ ನೋವು ಬೇರೆ. ವಾಪಸ್ ತೆಗೆದುಕೊಳ್ಳುವುದಿಲ್ಲವಂತೆ. ಈಗ 2,500ರ ಒಳಗೆ ಬೇರೆ ನೋಡುತ್ತಿದ್ದೇನೆ. ಫೋನಿನಲ್ಲಿ ಹಳೇ ಜಾಕ್ ಇಲ್ಲ. ಯಾವುದು ಬೆಸ್ಟ್, ಹೇಳಿ.
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಹೆಸರು ಆಮೇಲೆ ಹೇಳುತ್ತೇನೆ. ನಿಮ್ಮ ದೂರು ಒಂದಲ್ಲ, ಮೂರು. ಧ್ವನಿ ಮಸುಕು, ಜಾರುವಿಕೆ, ನೋವು. ಮೂರಕ್ಕೂ ಕಾರಣ ಬೇರೆ ಬೇರೆ ಇರಬಹುದು, ಮತ್ತು ಇನ್ನೂ 700 ರೂಪಾಯಿ ಜಾಸ್ತಿ ಹಾಕಿದ ಮಾತ್ರಕ್ಕೆ ಇವುಗಳಲ್ಲಿ ಯಾವುದೂ ತಾನಾಗಿ ಹೋಗುವುದಿಲ್ಲ. ಯಾವುದು ಯಾತರಿಂದ ಅಂತ ತಿಳಿಯದೆ ಕೊಂಡರೆ ಹೊಸದೂ ಡ್ರಾಯರ್ ಸೇರುತ್ತದೆ, ಅಷ್ಟೆ.

ಮೊದಲು ಜಾರುವುದು ಮತ್ತು ನೋವು, ಯಾಕೆಂದರೆ ಇದಕ್ಕೆ ದುಡ್ಡು ಬೇಕಾಗಿಲ್ಲ. ಡಬ್ಬಿಯಲ್ಲಿ ರಬ್ಬರ್ ಇಯರ್‌ಟಿಪ್‌ಗಳು ಮೂರು ಅಳತೆಯಲ್ಲಿ ಬಂದಿರುತ್ತವಲ್ಲ, ಹೆಚ್ಚಿನವರು ಅದರ ಪ್ಲಾಸ್ಟಿಕ್ ಕವರ್ ಸಹ ಬಿಚ್ಚಿರುವುದಿಲ್ಲ. ಮಧ್ಯಮ ಅಳತೆಯದು ಮೊದಲೇ ಸಿಕ್ಕಿಸಿರುತ್ತದೆ, ಅದರಲ್ಲೇ ಕಾಲ ಹಾಕುತ್ತಾರೆ. ನಿಮ್ಮ ಎರಡೂ ಕಿವಿಯ ನಾಳ ಒಂದೇ ಅಳತೆ ಇರಬೇಕೆಂದೇನಿಲ್ಲ. ಎಡಕ್ಕೆ ಮಧ್ಯಮ, ಬಲಕ್ಕೆ ಚಿಕ್ಕದು ಹಾಕಿಕೊಂಡರೆ ಯಾರೂ ಬೈಯುವುದಿಲ್ಲ. ಇನ್ನೊಂದು ವಿಷಯ: ಜಾರುತ್ತದೆ ಎಂದ ಕೂಡಲೇ ದೊಡ್ಡ ಟಿಪ್ ಹುಡುಕುವುದು ಸಹಜ, ಆದರೆ ದೊಡ್ಡದಾದ ಟಿಪ್ ಒಳಗೆ ಕೂರದೆ ನಿಧಾನಕ್ಕೆ ತಾನೇ ಹೊರಗೆ ಬರುತ್ತದೆ, ಅದುಮಿ ನೋವೂ ಕೊಡುತ್ತದೆ. ನಿಮಗೆ ಜಾರುವುದೂ ಇದೆ, ನೋವೂ ಇದೆ. ಹಾಗಾಗಿ ನನ್ನ ಅನುಮಾನ ಅಲ್ಲೇ. ಚಿಕ್ಕದನ್ನು ಹಾಕಿ ನೋಡಿ.

ಹಾಕುವ ರೀತಿಯೂ ಇದೆ. ಬಲಗಿವಿಗೆ ಹಾಕುವಾಗ ಎಡಗೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯ ಮೇಲ್ಭಾಗವನ್ನು ಮೆಲ್ಲಗೆ ಮೇಲಕ್ಕೆ, ಹಿಂದಕ್ಕೆ ಎಳೆಯಿರಿ. ನಾಳ ಸ್ವಲ್ಪ ನೇರವಾಗುತ್ತದೆ. ಆಗ ಒಳಗೆ ಇಟ್ಟು ಕೊಂಚ ತಿರುಗಿಸಿ ಕೂರಿಸಿ, ಕಿವಿ ಬಿಡಿ. ಸರಿ ಕೂತಿದೆಯೋ ಇಲ್ಲವೋ ತಿಳಿಯಲು ಹಾಡು ಹಾಕಬೇಡಿ. ಫ್ಯಾನ್ ಸದ್ದು ಥಟ್ಟನೆ ಕಡಿಮೆಯಾಗಬೇಕು, ನೀವು ಮಾತಾಡಿದರೆ ನಿಮ್ಮದೇ ಧ್ವನಿ ತಲೆಯೊಳಗೆ ಗುಂಯ್ ಎನ್ನಬೇಕು. ಅಷ್ಟಾದರೆ ಕೂತಿದೆ. ಗಾಳಿ ಹೋಗುವ ಸಂದು ಉಳಿದರೆ ಮೊದಲು ಹೋಗುವುದು ಬಾಸ್. ‘ದುಬಾರಿ ಇಯರ್‌ಫೋನ್, ಆದರೂ ಸದ್ದು ತೆಳು’ ಎನ್ನುವ ದೂರುಗಳಲ್ಲಿ ಬಹಳಷ್ಟು ಇದೇ ಕಥೆ.

ಟಿಪ್ ಬದಲಿಸಿದ ಮೇಲೂ ನೋವು ಇದ್ದರೆ ಟಿಪ್‌ದಲ್ಲ, ಇಯರ್‌ಬಡ್‌ನ ದೇಹದ್ದೇ ತಪ್ಪು. ಒಳಗೆ ಬ್ಯಾಟರಿ, ಬ್ಲೂಟೂತ್ ಚಿಪ್, ಮೈಕ್ ಎಲ್ಲ ತುಂಬಬೇಕಾದ್ದರಿಂದ ಅಗ್ಗದ ವೈರ್‌ಲೆಸ್ ಬಡ್‌ಗಳು ದಪ್ಪಗಾಗುತ್ತವೆ, ಕಿವಿಯ ಬಟ್ಟಲಿಗೆ ಒತ್ತುತ್ತವೆ. ಇದಕ್ಕೆ ಮದ್ದಿಲ್ಲ, ಬೇರೆ ಆಕಾರದ್ದೇ ನೋಡಬೇಕು. ಫೋಮ್ ಟಿಪ್ ಹಾಕಿ ಎಂದು ಯಾರಾದರೂ ಹೇಳಬಹುದು. ಹಿಸುಕಿ ಒಳಗಿಟ್ಟರೆ ಅದು ಉಬ್ಬಿ ಗಟ್ಟಿಯಾಗಿ ಕೂರುತ್ತದೆ, ಕಿವಿಗೂ ಮೆತ್ತಗೆ, ನಿಜ. ಆದರೆ ಅದು ಮೇಲಿನ ಸ್ವರಗಳನ್ನು ಸ್ವಲ್ಪ ನುಂಗುತ್ತದೆ. ಮೊದಲೇ ಮಸುಕು ಎನ್ನುತ್ತಿದ್ದೀರಿ, ನಿಮಗೆ ಬೇಡ. ಕೆಲವು ತಿಂಗಳಲ್ಲಿ ಹಾಳಾಗಿ ಮತ್ತೆ ಕೊಳ್ಳಬೇಕು, ಎಷ್ಟೋ ಸಲ ಚಾರ್ಜಿಂಗ್ ಕೇಸ್ ಮುಚ್ಚಳವೂ ಸರಿಯಾಗಿ ಮುಚ್ಚುವುದಿಲ್ಲ.

ಈಗ ಕಂಬಳಿಯ ವಿಷಯ. ‘ಬಾಸ್ ಸೂಪರ್’ ಎಂದು ಬರೆದವರು ಸುಳ್ಳು ಹೇಳಿಲ್ಲ. ಅವರು ಕೇಳುವ ಸಂಗೀತ ಬೇರೆ, ನಿಮ್ಮದು ಬೇರೆ. ಈ ಬೆಲೆಯ ಎಷ್ಟೋ ಇಯರ್‌ಬಡ್‌ಗಳನ್ನು ಬೀಟ್ ಗುದ್ದುವ ಹಾಗೆ ಶ್ರುತಿ ಮಾಡಿರುತ್ತಾರೆ, ಆ ಉಬ್ಬು ಆಳದಲ್ಲೇ ನಿಲ್ಲದೆ 200–300 ಹರ್ಟ್ಸ್‌ವರೆಗೂ (ಹರ್ಟ್ಸ್ ಎಂದರೆ ಸ್ವರದ ಎತ್ತರದ ಅಳತೆ) ಚೆಲ್ಲುತ್ತದೆ. ಗಂಡಸರ, ಹೆಂಗಸರ ಧ್ವನಿಯ ಬುಡ ಇರುವುದೂ ಸುಮಾರಾಗಿ ಅದೇ ಜಾಗದಲ್ಲಿ. ಇನ್ನು ಧ್ವನಿಯ ಸ್ಪಷ್ಟತೆ, ಸಾಹಿತ್ಯದ ಅಕ್ಷರಗಳು, ವೀಣೆಯ ಮೀಟು, ಇವೆಲ್ಲ ಇರುವುದು ಅದಕ್ಕಿಂತ ಎಷ್ಟೋ ಮೇಲೆ, ಹೆಚ್ಚಾಗಿ 2,000ದಿಂದ 5,000 ಹರ್ಟ್ಸ್ ನಡುವೆ. ಕೆಳಗೆ ಉಬ್ಬು, ಮೇಲೆ ತಗ್ಗು. ಮೃದಂಗದ ಎಡಭಾಗ ಜೋರಾಗಿ, ಹಾಡುವವರು ಅದರ ಹಿಂದೆ ಎಲ್ಲೋ.

ಪರೀಕ್ಷೆ ಸುಲಭ. ಫೋನಿನಲ್ಲೋ ಇಯರ್‌ಬಡ್ಸ್‌ನ ಆ್ಯಪ್‌ನಲ್ಲೋ ಈಕ್ವಲೈಜರ್ (ತಗ್ಗು, ಮೇಲಿನ ಸ್ವರಗಳನ್ನು ಬೇರೆ ಬೇರೆಯಾಗಿ ಏರಿಸಿ ಇಳಿಸುವ ಸೆಟ್ಟಿಂಗ್) ತೆರೆದು 125 ಮತ್ತು 250 ಹರ್ಟ್ಸ್‌ನ ಪಟ್ಟಿಗಳನ್ನು ಮೂರು ನಾಲ್ಕು ಡೆಸಿಬಲ್ ಇಳಿಸಿ. ಬೇರೆ ಏನನ್ನೂ ಏರಿಸಬೇಡಿ. ಈಗ ತಂಬೂರಿ ಚೆನ್ನಾಗಿ ಕೇಳುವ ಯಾವುದಾದರೂ ಕಛೇರಿ ಹಾಕಿ. ತಂಬೂರಿಗಿಂತ ಒಳ್ಳೆಯ ಪರೀಕ್ಷೆ ನನಗೆ ಗೊತ್ತಿಲ್ಲ. ಒಂದು ತಂತಿ ಮೀಟಿದರೆ ಅದರ ಮೇಲಿನ ಅನುಸ್ವರಗಳೆಲ್ಲ ಎದ್ದು ಝೇಂಕರಿಸುತ್ತವೆ, ಇಯರ್‌ಫೋನ್ ಎಲ್ಲಿ ಏನು ನುಂಗುತ್ತಿದೆ ಎಂಬುದು ಕೂಡಲೇ ಗೊತ್ತಾಗುತ್ತದೆ. ಬರೀ ‘ಗೊಂಯ್’ ಅಂತ ಕೇಳಿಸಿ ಮೇಲಿನ ಝೇಂಕಾರ ಇಲ್ಲವಾದರೆ ತೊಂದರೆ ಅಲ್ಲಿದೆ. ಈಕ್ವಲೈಜರ್ ಇಳಿಸಿದ ಮೇಲೆ ಧ್ವನಿ ಮುಂದೆ ಬಂತಾ? ಟಿಪ್ ಬದಲಿಸಿದ ಮೇಲೆ ಜಾರುವುದು ನಿಂತಿತಾ? ಹಾಗಾದರೆ ಕೊಳ್ಳುವುದೇ ಬೇಡ, 2,500 ಉಳಿಯಿತು. ಅಂಗಡಿಯವರಿಗೆ ಈ ಉತ್ತರ ಹಿಡಿಸುವುದಿಲ್ಲ, ಇರಲಿ.

ಸರಿಹೋಗಲಿಲ್ಲ ಎನ್ನಿ. ಆಗ ನಾನು ವೈರ್ ಇರುವುದನ್ನೇ ಹೇಳುತ್ತೇನೆ. ಸಂಗೀತ ಕೂತು ಕೇಳುವವರಿಗೆ ಈ ಬಜೆಟ್‌ನಲ್ಲಿ ಬೇರೆ ದಾರಿ ಕಾಣುವುದಿಲ್ಲ. ವೈರ್‌ಲೆಸ್‌ಗೆ ಕೊಟ್ಟ 2,500ರಲ್ಲಿ ಮೂರು ಬ್ಯಾಟರಿ, ಚಿಪ್, ಮೈಕ್‌ಗಳು, ಕೇಸ್, ಎಲ್ಲಕ್ಕೂ ಪಾಲು ಹೋಗಿ ಧ್ವನಿಗೆ ಉಳಿಯುವುದು ಕಡಿಮೆ. ಆ ಪುಟ್ಟ ಬ್ಯಾಟರಿಗಳು ದಿನಾ ಬಳಸಿದರೆ ಎರಡು ಮೂರು ವರ್ಷಕ್ಕೆ ಸುಸ್ತಾಗುತ್ತವೆ, ಬದಲಿಸುವ ಹಾಗೂ ಇಲ್ಲ. ಓಡುವುದಕ್ಕೆ, ಅಡುಗೆಮನೆಗೆ, ಬಸ್ಸಿಗೆ ವೈರ್‌ಲೆಸ್ ಚೆಂದ, ಅದನ್ನು ಅಲ್ಲಗಳೆಯುವುದಿಲ್ಲ. ನಿಮ್ಮ ಹಳೆಯದನ್ನು ಪಾಡ್‌ಕಾಸ್ಟ್‌ಗೆ ಇಟ್ಟುಕೊಳ್ಳಿ.

ಹೆಸರು ಕೇಳಿದ್ದಿರಿ. ಮೂನ್‌ಡ್ರಾಪ್ ಚೂ 2, ಇಲ್ಲವಾದರೆ 7ಹರ್ಟ್ಸ್ ಝೀರೊ 2. ಎರಡೂ ಚೀನಾ ಕಂಪನಿಗಳವು, ಎರಡರಲ್ಲೂ 10 ಮಿ.ಮೀ.ನ ಒಂದೇ ಡೈನಾಮಿಕ್ ಡ್ರೈವರ್, ಅಂದರೆ ಸದ್ದು ಹೊರಡಿಸುವ ಪುಟ್ಟ ಸ್ಪೀಕರ್. ಧ್ವನಿಗೆ ಜಾಗ ಬಿಡುವ ಶ್ರುತಿ. ಝೀರೊ 2ರಲ್ಲಿ ಬಾಸ್ ಸ್ವಲ್ಪ ಜಾಸ್ತಿ, ಹಾಗಾಗಿ ನಿಮಗೆ ಚೂ 2 ಸರಿ. ಬೆಲೆ ಏರುಪೇರಾಗುತ್ತಿರುತ್ತದೆ, ಕೊಳ್ಳುವ ದಿನ ನೋಡಿಕೊಳ್ಳಿ. ಎರಡರಲ್ಲೂ ಕೇಬಲ್ ಬಿಚ್ಚಿ ಬೇರೆ ಹಾಕಬಹುದು, ಇದು ಚಿಕ್ಕ ಸಂಗತಿ ಅಲ್ಲ. ವೈರ್ ಇಯರ್‌ಫೋನ್ ಸಾಯುವುದು ಹೆಚ್ಚಾಗಿ ಜಾಕ್ ಹತ್ತಿರ ವೈರ್ ಮುರಿದು. 0.78 ಮಿ.ಮೀ. ಎರಡು ಪಿನ್‌ನ ಕೇಬಲ್ ಕೆಲವು ನೂರಕ್ಕೇ ಸಿಗುತ್ತದೆ, ಇಡೀ ಇಯರ್‌ಫೋನ್ ಎಸೆಯಬೇಕಿಲ್ಲ. ಇವುಗಳ ವೈರ್ ಕಿವಿಯ ಮೇಲಿಂದ ಹಿಂದಕ್ಕೆ ಸುತ್ತಿ ಬರುತ್ತದೆ. ಮೊದಲ ದಿನ ಕಿರಿಕಿರಿ ಅನ್ನಿಸಬಹುದು, ಆದರೆ ವೈರ್ ಅಂಗಿಗೆ ತಾಗಿ ಬರುವ ಗರಗರ ಸದ್ದು ಕಡಿಮೆ, ಜಾರುವುದೂ ಕಡಿಮೆ. ಕೊಳ್ಳುವ ಮುಂಚೆ ಕಿವಿಯೊಳಗೆ ಹೋಗುವ ನಳಿಕೆಯ ದಪ್ಪ ನೋಡಿ. 6 ಮಿ.ಮೀ. ದಾಟಿದರೆ ಸಣ್ಣ ನಾಳದವರಿಗೆ ನೋವಾಗುವ ಸಾಧ್ಯತೆ ಇದೆ. ಕರೆಗೂ ಬಳಸುತ್ತೀರಾದರೆ ಮೈಕ್ ಇರುವುದೇ ಅಂತ ಖಾತ್ರಿ ಮಾಡಿಕೊಳ್ಳಿ.

ಫೋನಿಗೆ ಜಾಕ್ ಇಲ್ಲ ಎಂದಿರಿ. ಟೈಪ್-ಸಿಯಿಂದ 3.5 ಮಿ.ಮೀ.ಗೆ ಅಡಾಪ್ಟರ್ ಬೇಕು, ಆದರೆ ಇಲ್ಲೂ ಜನ ಮೋಸ ಹೋಗುತ್ತಾರೆ. ಎರಡು ಬಗೆ ಇವೆ. ಒಂದು ಬರೀ ವೈರ್ ಜೋಡಣೆ, ಅದು ಕೆಲವೇ ಫೋನುಗಳಲ್ಲಿ ನಡೆಯುತ್ತದೆ, ಉಳಿದವುಗಳಲ್ಲಿ ಸದ್ದೇ ಬರುವುದಿಲ್ಲ. ಇನ್ನೊಂದರಲ್ಲಿ ಫೋನಿನ ಡಿಜಿಟಲ್ ಸಂಕೇತವನ್ನು ಇಯರ್‌ಫೋನ್‌ಗೆ ಬೇಕಾದ ಸಂಕೇತವಾಗಿ ಬದಲಿಸುವ ಡಿಎಸಿ ಎಂಬ ಚಿಪ್ ಇರುತ್ತದೆ, ನಿಮಗೆ ಬೇಕಾದ್ದು ಅದು. ಆ್ಯಪಲ್‌ನ ಪುಟ್ಟ ಅಡಾಪ್ಟರ್ ಧ್ವನಿಯಲ್ಲಿ ಒಳ್ಳೆಯದು, ಆದರೆ ಅನೇಕ ಆ್ಯಂಡ್ರಾಯ್ಡ್ ಫೋನುಗಳಲ್ಲಿ ಸದ್ದು ಬಹಳ ಕಡಿಮೆ ಬರುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಂಥ ಕಡೆ ಕೊಳ್ಳುವುದಾದರೆ ನಿಮ್ಮ ಫೋನಿಗೆ ಸಿಕ್ಕಿಸಿ ಹಾಡು ಕೇಳಿಯೇ ದುಡ್ಡು ಕೊಡಿ.

ಡಬ್ಬಿಯ ಮೇಲಿನ ಅಂಕಿಗಳನ್ನು ನೋಡಿ ಮರುಳಾಗಬೇಡಿ. 13 ಮಿ.ಮೀ. ಡ್ರೈವರ್ 10ಕ್ಕಿಂತ ಒಳ್ಳೆಯದು ಎಂದೇನಿಲ್ಲ. ಎಟಿಮೋಟಿಕ್ ಕಂಪನಿ 1991ರಲ್ಲಿ ತಂದ ಇಆರ್-4ರಲ್ಲಿ ಇದ್ದದ್ದು ಪ್ರತಿ ಕಿವಿಗೆ ಬ್ಯಾಲೆನ್ಸ್‌ಡ್ ಆರ್ಮೇಚರ್ ಎಂಬ ಬೇರೆ ಬಗೆಯ ಒಂದೇ ಪುಟ್ಟ ಡ್ರೈವರ್, ಅದನ್ನು ಸ್ಟುಡಿಯೊದವರೇ ಹುಡುಕಿ ಕೊಳ್ಳುತ್ತಿದ್ದರು. ‘20ರಿಂದ 20,000 ಹರ್ಟ್ಸ್’ ಎಂಬುದು ನೂರು ರೂಪಾಯಿಯ ಡಬ್ಬಿಯ ಮೇಲೂ ಇರುತ್ತದೆ. ನೋಡುವುದಾದರೆ ಯಾವ ಹರ್ಟ್ಸ್‌ನಲ್ಲಿ ಎಷ್ಟು ಸದ್ದು ಬರುತ್ತದೆ ಎಂದು ಅಳತೆ ಮಾಡಿದ ಗ್ರಾಫ್ ನೋಡಿ. ಬಾಸ್‌ನ ಗುಡ್ಡ 200 ಹರ್ಟ್ಸ್ ಹೊತ್ತಿಗೆ ಇಳಿದು ಮುಗಿದಿದ್ದರೆ ನಿಮ್ಮ ಸಂಗೀತಕ್ಕೆ ಆಗುತ್ತದೆ.

ಪ್ರಶ್ನೆ: ಹೊಸ ಇಯರ್‌ಫೋನ್‌ನಲ್ಲಿ ಎಡಗಡೆ ಸದ್ದು ಕಡಿಮೆ. ಇಯರ್‌ಫೋನ್‌ದೋ ನನ್ನ ಕಿವಿಯದೋ ಗೊತ್ತಾಗುತ್ತಿಲ್ಲ.
– ಓದುಗರೊಬ್ಬರು, ಬಾಗಲಕೋಟೆ

ಉತ್ತರ: ಎಡದ್ದನ್ನು ಬಲಗಿವಿಗೆ, ಬಲದ್ದನ್ನು ಎಡಗಿವಿಗೆ ಹಾಕಿ ನೋಡಿ. ಈಗ ಬಲಗಿವಿಯಲ್ಲಿ ಕಡಿಮೆಯಾದರೆ ದೋಷ ಇಯರ್‌ಫೋನ್‌ನದು ಅಥವಾ ಫೋನ್ ಕಳಿಸುವ ಸದ್ದಿನದು. ಫೋನಿನ ಆ್ಯಕ್ಸೆಸಿಬಿಲಿಟಿ ಸೆಟ್ಟಿಂಗ್‌ನಲ್ಲಿ ಎಡ-ಬಲ ಬ್ಯಾಲೆನ್ಸ್ ಪಟ್ಟಿ ಪಕ್ಕಕ್ಕೆ ಸರಿದಿದೆಯಾ ನೋಡಿ, ಇನ್ನೊಂದು ಫೋನಿಗೂ ಹಾಕಿ ನೋಡಿ. ಬದಲಿಸಿದ ಮೇಲೂ ಎಡಗಿವಿಯಲ್ಲೇ ಕಡಿಮೆ ಇದ್ದರೆ ಮೊದಲು ಟಿಪ್ ಅಳತೆ ಬದಲಿಸಿ, ಆಗಲೂ ಹಾಗೇ ಇದ್ದರೆ ಕಿವಿ ವೈದ್ಯರ ಹತ್ತಿರ ಹೋಗಿ. ಗುಗ್ಗೆ ಕಟ್ಟಿರಬಹುದು, ಹತ್ತಿ ಸುತ್ತಿದ ಕಡ್ಡಿ ಹಾಕಿ ನೀವೇ ಕೆದಕಬೇಡಿ, ಇನ್ನೂ ಒಳಗೆ ಹೋಗುತ್ತದೆ. ಹಳೇ ಇಯರ್‌ಫೋನ್ ಆಗಿದ್ದರೆ ಅದರ ಜಾಲರಿಯಲ್ಲೇ ಗುಗ್ಗೆ ಕೂತಿರುತ್ತಿತ್ತು. ಜಾಲರಿ ಕೆಳಮುಖ ಮಾಡಿ ಒಣಗಿದ ಮೆತ್ತನೆ ಬ್ರಶ್‌ನಿಂದ ಉಜ್ಜಿದರೆ ಹೋಗುತ್ತದೆ.

ಪ್ರಶ್ನೆ: ಆನ್‌ಲೈನ್‌ನಲ್ಲಿ ಕೊಂಡ ಇಯರ್‌ಬಡ್ಸ್‌ನಲ್ಲಿ ಜಾಹೀರಾತಿನಲ್ಲಿದ್ದ, ಹೊರಗಿನ ಸದ್ದು ತಗ್ಗಿಸುವ ನಾಯ್ಸ್ ಕ್ಯಾನ್ಸಲೇಶನ್ನೇ ಇಲ್ಲ. ಕಿವಿಗೆ ಹಾಕುವ ವಸ್ತು, ವಾಪಸ್ ಇಲ್ಲ ಎನ್ನುತ್ತಾರೆ.
– ಓದುಗರೊಬ್ಬರು, ಮೈಸೂರು

ಉತ್ತರ: ಇಷ್ಟವಾಗಲಿಲ್ಲ ಎನ್ನುವುದಕ್ಕೆ ವಾಪಸ್ ಇಲ್ಲ ಎಂದರೆ ಒಪ್ಪಬಹುದು, ಕಿವಿಯ ವಸ್ತು ಹೌದಲ್ಲ. ನಿಮ್ಮದು ಹಾಗಲ್ಲ. ದೋಷವಿರುವ ಅಥವಾ ಜಾಹೀರಾತಿನಲ್ಲಿ ಹೇಳಿದ ಗುಣ ಇಲ್ಲದ ವಸ್ತುವನ್ನು ವಾಪಸ್ ತೆಗೆದುಕೊಳ್ಳಲು, ಹಣ ಮರಳಿಸಲು ಮಾರಾಟಗಾರರು ನಿರಾಕರಿಸುವಂತಿಲ್ಲ ಎಂದು 2020ರ ಇ-ಕಾಮರ್ಸ್ ನಿಯಮಗಳೇ ಹೇಳುತ್ತವೆ. ಜಾಹೀರಾತಿನ ಪುಟದ ಸ್ಕ್ರೀನ್‌ಶಾಟ್, ಬಿಲ್, ಅವರ ಉತ್ತರ, ಮೂರನ್ನೂ ಇಟ್ಟುಕೊಳ್ಳಿ. ಪುಟವನ್ನು ಅವರು ಬದಲಿಸುವ ಮುಂಚೆ, ಅಂದರೆ ಇವತ್ತೇ ತೆಗೆಯಿರಿ. ಮೊದಲು ವೆಬ್‌ಸೈಟ್‌ನ ದೂರು ಅಧಿಕಾರಿಗೆ ಬರೆಯಿರಿ. ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅಲ್ಲಿಗೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ, 5 ಲಕ್ಷದವರೆಗಿನ ವಸ್ತುವಿಗೆ ಶುಲ್ಕವಿಲ್ಲ. ಎಷ್ಟೋ ಜಗಳ 1915ರ ಹಂತದಲ್ಲೇ ಮುಗಿಯುತ್ತದೆ, ಹೆದರಬೇಡಿ.

ಪ್ರಶ್ನೆ: ಲ್ಯಾಪ್‌ಟಾಪ್‌ನಲ್ಲಿ ಮೀಟಿಂಗ್ ಶುರುವಾದ ಕೂಡಲೇ ಬ್ಲೂಟೂತ್ ಇಯರ್‌ಬಡ್ಸ್ ಹಳೇ ರೇಡಿಯೊ ಆಗಿಬಿಡುತ್ತದೆ. ಬದಲಿಸಬೇಕಾ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಬೇಡ. ಮೈಕ್ ಆನ್ ಆದೊಡನೆ ಬ್ಲೂಟೂತ್ ಹಾಡಿನ ಮೋಡ್ ಬಿಟ್ಟು ಕರೆಯ ಮೋಡ್‌ಗೆ ಜಾರುತ್ತದೆ, ಅಲ್ಲಿ ಧ್ವನಿಗೆ ಸಿಗುವ ಜಾಗ ಕಡಿಮೆ. ದುಬಾರಿಯದು ಕೊಂಡರೂ ಬಹುಪಾಲು ಇದೇ ಆಗುತ್ತದೆ. ಮೀಟಿಂಗ್ ಸೆಟ್ಟಿಂಗ್‌ನಲ್ಲಿ ಮೈಕ್ ಅನ್ನು ಲ್ಯಾಪ್‌ಟಾಪ್‌ನದಕ್ಕೆ ಬದಲಿಸಿ, ಕೇಳುವುದಕ್ಕೆ ಮಾತ್ರ ಇಯರ್‌ಬಡ್ಸ್ ಇಟ್ಟುಕೊಳ್ಳಿ. ಮುಗೀತು.

ಪ್ರಶ್ನೆ: ಹೊಸ ಇಯರ್‌ಫೋನ್ ಧ್ವನಿ ಇಷ್ಟವಾಗಲಿಲ್ಲ. 100 ಗಂಟೆ ಸುಮ್ನೆ ಹಾಡಿಸಿ ಬಿಡಿ, ಪಳಗಿದ ಮೇಲೆ ಚೆನ್ನಾಗಿ ಕೇಳುತ್ತದೆ ಎಂದು ಅಂಗಡಿಯವರು ಹೇಳಿದರು. ನಿಜವಾ?
– ಓದುಗರೊಬ್ಬರು, ಉಡುಪಿ

ಉತ್ತರ: ಪಳಗುವುದು ಹೆಚ್ಚಾಗಿ ನಿಮ್ಮ ಕಿವಿ. ಒಂದು ವಾರ ಅದನ್ನೇ ಕೇಳಿದರೆ ಯಾವ ಧ್ವನಿಯೂ ಸಹಜ ಅನ್ನಿಸತೊಡಗುತ್ತದೆ. ಮಸುಕಾದ ಇಯರ್‌ಫೋನ್ ಹಾಡಿಸಿ ಹಾಡಿಸಿ ಸ್ಪಷ್ಟವಾಗುವುದಿಲ್ಲ. ಬಿಲ್ ತೆಗೆದು ನೋಡಿ, ಬದಲಿಸಿಕೊಡುವ ಗಡುವು ಹೆಚ್ಚಾಗಿ 7 ದಿನ ಇರುತ್ತದೆ. ನಿಲ್ಲಿಸದೆ ಹಾಡಿಸಿದರೂ 100 ಗಂಟೆ ಅಂದರೆ ನಾಲ್ಕು ದಿನ ದಾಟುತ್ತದೆ, ದಿನಕ್ಕೆ ಎರಡು ಗಂಟೆ ಕೇಳುವವರಿಗೆ ಒಂದೂವರೆ ತಿಂಗಳಿಗೂ ಜಾಸ್ತಿ. ಅಷ್ಟರಲ್ಲಿ ಗಡುವು ಎಲ್ಲಿರುತ್ತದೆ? ನಾಳೆಯೇ ಅಂಗಡಿಗೆ ಹೋಗಿ.